ಹನ್ನೊಂದನೆಯ ಗಂಟು

ನಮ್ಮ ಊರಿಗೆ ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಆಸ್ಪತ್ರೆಯ ಮುಂದೆ, ಕೋರ್ಟಿನ ಮುಂದೆ, ಹೈಸ್ಕೂಲಿನ ಪರೀಕ್ಷೆಯ ಕೋಣೆಯಲ್ಲಿ, ಎಲ್ಲ ಕಡೆ ಯಾಕೆ ಕಲ್ಲಿನ ಬೆಂಚೇ ಹಾಕಿದ್ದೀರಿ? ಕಟ್ಟಿಗೆಯದು ತಡೆಯುವುದಿಲ್ಲ, ಅದಕ್ಕೆ. ನಮ್ಮಲ್ಲಿ ಅಂಜಿಕೆಗೆ ತೂಕವಿದೆ. ಮನುಷ್ಯ ಎಷ್ಟು ಅಂಜುತ್ತಾನೋ ಅಷ್ಟು ಭಾರವಾಗುತ್ತಾನೆ, ಅಂಜಿಕೆ ಹೋಯಿತೆಂದರೆ ಮತ್ತೆ ಹಗುರಾಗುತ್ತಾನೆ. ಇದರಲ್ಲಿ ಬೆರಗಾಗುವಂಥದ್ದೇನಿದೆ ಎಂದು ನಮಗೆ ಇವತ್ತಿಗೂ ತಿಳಿದಿಲ್ಲ. ಬಸ್ಸಿನ ಕಂಡಕ್ಟರು ಆಸ್ಪತ್ರೆಗೆ ಹೊರಟವರನ್ನೆಲ್ಲ ಒಂದೇ ಬದಿಗೆ ಕೂಡಲು ಬಿಡುವುದಿಲ್ಲ. ಮದುವೆಯಲ್ಲಿ ಹಸೆಮಣೆಯ ಕೆಳಗೆ ನಾಲ್ಕು ಇಟ್ಟಿಗೆ ಹೆಚ್ಚು ಇಡುತ್ತೇವೆ, ಮದುಮಗಳ ಕಡೆ ಎರಡು, ಮದುಮಗನ ಕಡೆ ಎರಡು; ಯಾರನ್ನೂ ನಂಬುವ ಹಾಗಿಲ್ಲ. ಹೆಣ ಹೊರುವುದಕ್ಕೆ ಮಾತ್ರ ನಮ್ಮಲ್ಲಿ ಎರಡೇ ಜನ ಸಾಕು. ಸತ್ತವರಷ್ಟು ಹಗುರಾದವರು ಯಾರೂ ಇಲ್ಲ.

ಅಂಜಿಕೆಯನ್ನು ತೂಗಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಸೈನ್ಯದವರು ನಮ್ಮೂರ ಹೊರಗಿನ ಬಯಲಿನಲ್ಲಿ ಪ್ಯಾರಾಶೂಟ್ ಶಾಲೆ ಕಟ್ಟಿದರು. ವಿಮಾನದಿಂದ ಜಿಗಿಯುವ ಮುಂಚೆ ಹುಡುಗರು ಗೋಪುರದಿಂದ ಜಿಗಿದು ಕಲಿಯಬೇಕು. ಎಂಬತ್ತು ಅಡಿಯ ಕಬ್ಬಿಣದ ಗೋಪುರ, ಹೊರಮೈಗೆ ಸುತ್ತಿದ ಮೆಟ್ಟಿಲು, ಮೇಲೊಂದು ಅಟ್ಟ, ಅಟ್ಟಕ್ಕೊಂದು ಬಾಗಿಲು. ಬಾಗಿಲಿನ ಮೇಲ್ಗಡೆ ದಪ್ಪ ತೊಲೆ, ತೊಲೆಗೆ ರಾಟೆ, ರಾಟೆಯ ಮೇಲೆ ಹಗ್ಗ. ಹಗ್ಗದ ಒಂದು ತುದಿ ಹುಡುಗನ ಬೆನ್ನಿಗೆ, ಇನ್ನೊಂದು ತುದಿಗೆ ಕೆಳಗಡೆ ಮರಳಿನ ಚೀಲ ತುಂಬಿದ ಪಂಜರ. ಪಂಜರ ಹುಡುಗನಿಗಿಂತ ಹತ್ತು ಕಿಲೋ ಕಡಿಮೆ ತೂಗಬೇಕು. ಆಗ ಅವನು ಜಿಗಿದರೆ ಪಂಜರ ನಿಧಾನವಾಗಿ ಮೇಲೇರುತ್ತದೆ, ಅವನು ನಿಧಾನವಾಗಿ ಕೆಳಗಿಳಿಯುತ್ತಾನೆ. ಪಂಜರ ಹಗುರಾದರೆ ಅವನ ಕಾಲು ಮುರಿಯುತ್ತದೆ. ಪಂಜರವೇ ಅವನಿಗಿಂತ ಭಾರವಾದರೆ ಏನಾಗುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ನನ್ನ ಹೆಸರು ನೀಲಗಂಗವ್ವ. ಊರಿನಲ್ಲಿ ತಕ್ಕಡಿ ನೀಲವ್ವ ಎಂದರೆ ತಿಳಿಯುತ್ತದೆ. ನನ್ನ ಗಂಡ ಆ ಗೋಪುರದ ತೂಕದವನಾಗಿದ್ದ. ಅವನು ಹೋದಮೇಲೆ ಆ ಕೆಲಸ ನನಗೆ ಬಂತು. ಪ್ರತಿಯೊಬ್ಬ ಹುಡುಗನನ್ನೂ ಕೆಳಗೊಮ್ಮೆ ತೂಗಬೇಕು, ಅಟ್ಟದ ಮೇಲೆ ಬಾಗಿಲಿನ ಬಳಿ ಇನ್ನೊಮ್ಮೆ ತೂಗಬೇಕು. ಮೇಲೆ ಎಷ್ಟು ಹೆಚ್ಚಾಯಿತೋ ಅಷ್ಟು ಅವನ ಅಂಜಿಕೆ. ಆ ಲೆಕ್ಕವನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಹುಡುಗರ ಮರ್ಯಾದೆಯ ಮಾತು. ಒಂದು ದಾರಕ್ಕೆ ಕಿಲೋಗೊಂದರಂತೆ ಗಂಟು ಹಾಕಿ, ತುದಿಗೊಂದು ಕಲ್ಲು ಕಟ್ಟಿ ಕೆಳಗೆ ಬಿಡಬೇಕು. ಕೆಳಗಿರುವ ಖಾದರಣ್ಣ ಗಂಟುಗಳನ್ನು ಬೆರಳಿನಿಂದ ಸವರಿ ಒಂದೊಂದು ಕಿಲೋದ ಅಷ್ಟು ಚೀಲ ಪಂಜರಕ್ಕೆ ಹೆಚ್ಚು ಹಾಕುತ್ತಾನೆ. ಹತ್ತು ಗಂಟಿನವರೆಗೆ ನಡೆಯುತ್ತದೆ. ಹನ್ನೊಂದಾದರೆ ಹುಡುಗನನ್ನು ಜಿಗಿಯಲು ಬಿಡುವುದಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಮನೆಗೆ ಕಳಿಸುತ್ತಾರೆ, ಹೋಗುವಾಗ ಅವನ ದಾರವನ್ನು ಅವನ ಕೈಗೇ ಕೊಡುತ್ತಾರೆ. ನನ್ನ ಗಂಡ ನನಗೆ ಕಲಿಸಿದ್ದು ಒಂದೇ ಮಾತು: ತೂಗುವಾಗ ಮುಟ್ಟಬೇಡ. ಎಂಥದೇ ಕರುಣೆ ಬಂದರೂ ಮುಟ್ಟಬೇಡ.

ಆರು ವರ್ಷದ ಹಿಂದೆ ನಾನು ಮುಟ್ಟಿದೆ. ಆ ಹುಡುಗನ ಹೆಸರು ದ್ಯಾಮಣ್ಣ. ಎತ್ತರದ ಆಳು, ಮಾತು ಕಡಿಮೆ. ನನ್ನ ಮಗಳು ಎರಡು ದಿನದಿಂದ ಹೆರಿಗೆ ನೋವಿನಲ್ಲಿ ಆಸ್ಪತ್ರೆಯಲ್ಲಿದ್ದಳು, ಕೂಸು ಅಡ್ಡ ಬಂದಿದೆ ಎಂದಿದ್ದರು. ಅವತ್ತು ನಾನು ಗೋಪುರ ಹತ್ತಿದ್ದೇ ತಪ್ಪು. ತೂಕದ ತಟ್ಟೆಯ ಮೇಲೆ ನಿಂತ ದ್ಯಾಮಣ್ಣ ಕೆಳಗೆ ನೋಡಿ, "ಅವ್ವಾ, ಒಂದೀಟು ಕೈ ಹಿಡಕೋ. ಕಣ್ಣಿಗೆ ಕತ್ತಲಿ ಬಂದಂಗ ಆಗಾಕತ್ತೈತಿ" ಎಂದ. ಹಿಡಿದೆ. ನನ್ನ ಕಾಲೂ ಸೋತು ಹೋಗಿದ್ದವು, ಕಣ್ಣ ಮುಂದೆ ಮಗಳ ಮುಖವೇ ಇತ್ತು. ನಾನು ಅವನನ್ನು ಹಿಡಿದಿದ್ದೆನೋ, ಅವನ ಮೇಲೆ ಭಾರ ಹಾಕಿ ನಾನೇ ನಿಂತಿದ್ದೆನೋ, ಶಿವನೇ ಬಲ್ಲ. ಮುಳ್ಳು ನೋಡಿ ಗಂಟು ಹಾಕುತ್ತ ಹೋದೆ. ಅವನು ತುಟಿಯಲ್ಲೇ ಎಣಿಸುತ್ತಿದ್ದ. ಹನ್ನೊಂದನೆಯದನ್ನು ಬಿಗಿದಾಗ ಅವನ ತುಟಿ ನಿಂತಿತು.

ಸಂಜೆ ಮಗಳು ಹೆತ್ತಳು, ತಾಯಿ ಮಗು ಇಬ್ಬರೂ ಉಳಿದರು. ನನ್ನ ಮೈ ಹತ್ತಿಯ ಹಾಗೆ ಹಗುರಾಯಿತು. ಆಸ್ಪತ್ರೆಯ ನಳದ ಕೆಳಗೆ ಕೈ ತೊಳೆಯುವಾಗ, ಬೆಳಿಗ್ಗೆ ಈ ಕೈ ಎಲ್ಲಿತ್ತು ಎಂಬುದು ನೆನಪಾಯಿತು. ಮರುದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೂ ಹೋದೆ. ಚಹದಂಗಡಿಯ ಹಿಂದೆ ನಿಂತು ನೋಡಿದೆ. ದ್ಯಾಮಣ್ಣ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದ. ಒಂದು ಕೂಗು ಹಾಕಿದ್ದರೆ ಆಗುತ್ತಿತ್ತು. ಹಾಕಲಿಲ್ಲ. ಗಂಡ ಹೋದಮೇಲೆ ಊರಿನಲ್ಲಿ ಆ ತಕ್ಕಡಿಯೇ ನನ್ನ ಮರ್ಯಾದೆಯಾಗಿತ್ತು. ನೀಲವ್ವನ ತೂಕ ತಪ್ಪಿತು ಎಂದು ಒಬ್ಬರ ಬಾಯಲ್ಲಿ ಬಂದರೂ ಮುಗಿಯಿತು. ಅವತ್ತಿನಿಂದ ನನಗೆ ಗೋಪುರದ ಮೆಟ್ಟಿಲು ಏರುವುದು ಕಷ್ಟವಾಗುತ್ತ ಬಂತು. ಡಾಕ್ಟರು ಮೊಣಕಾಲು ಸವೆದಿವೆ ಎಂದರು. ವಯಸ್ಸಾಯಿತು ಎಂದು ನಾನೂ ನಂಬಿದೆ.

ಈ ಸಲದ ಚಳಿಗಾಲದಲ್ಲಿ ಫಕೀರಪ್ಪ ಬಂದ. ಒಣಗಿದ ಜೋಳದ ದಂಟಿನ ಹಾಗಿದ್ದ, ಕೆನ್ನೆಯಲ್ಲಿ ಗುಂಡಿ, ಬೆಲ್ಟಿಗೆ ಮೊಳೆಯಿಂದ ಹೊಡೆದ ಎರಡು ಹೊಸ ತೂತು. ಅಂಥವನು ಕೆಳಗೆ ತೂಗಿದರೆ ಎಪ್ಪತ್ತಾರು ಕಿಲೋ ಬಂದ. ಡಾಕ್ಟರು ಅವನನ್ನು ತಿರುಗಿಸಿ ಮುರುಗಿಸಿ ನೋಡಿ, ಎಲುಬು ಭಾರ ಎಂದು ಹೇಳಿ ಸುಮ್ಮನಾದರು. ಮೇಲೆ ಬಾಗಿಲಿನ ಬಳಿ ತೂಗಿದೆ. ಎಪ್ಪತ್ತಾರು. ನನ್ನ ಕಣ್ಣನ್ನು ನಾನೇ ನಂಬದೆ ಅವನನ್ನು ಇಳಿಸಿ ಮತ್ತೆ ಹತ್ತಿಸಿದೆ. ಎಪ್ಪತ್ತಾರೇ. ಒಂದು ಗಂಟೂ ಇಲ್ಲದ ಬೋಳು ದಾರವನ್ನು ಕೆಳಗೆ ಬಿಟ್ಟೆ. ಖಾದರಣ್ಣ ಅದನ್ನು ಮೂರು ಸಲ ಸವರಿ, ತಲೆಯೆತ್ತಿ ನನ್ನ ಕಡೆ ನೋಡಿದ. ಶಾಲೆ ಶುರುವಾದಾಗಿನಿಂದ ಅಂಥ ದಾರ ಕೆಳಗೆ ಇಳಿದಿರಲಿಲ್ಲ.

ಫಕೀರಪ್ಪ ಜಿಗಿದ, ಇಳಿದ, ಸೆಲ್ಯೂಟ್ ಹೊಡೆದ. ಸುಬೇದಾರ್ ರುದ್ರಮುನಿಗಳಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಗೋಪುರದ ಯಜಮಾನಿಕೆ ಅವರದು. ಹುಡುಗರನ್ನು ಬೈದು ಬೈದು ಗಂಟಲು ಹರಿದುಕೊಂಡ ಮನುಷ್ಯ, ಅವತ್ತು ಫಕೀರಪ್ಪನ ಬೆನ್ನು ತಟ್ಟಿ, "ನೋಡ್ರಲೇ, ಇಂವನ್ನ ನೋಡಿ ಕಲೀರಿ. ಅಂಜಿಕಿ ಅನ್ನೂದು ಇಂವನ ಮೈಯಾಗ ಹುಟ್ಟೇ ಇಲ್ಲ" ಎಂದರು. ಅಂದಿನಿಂದ ಪ್ರತಿ ತಂಡದ ಮುಂದೆ ಮೊದಲು ಜಿಗಿದು ತೋರಿಸುವವನು ಫಕೀರಪ್ಪನೇ ಆದ. ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ. ಊರಿನವರು ಅವನನ್ನು ನೋಡಲೆಂದೇ ಬಯಲಿಗೆ ಬರುತ್ತಿದ್ದರು. ಬಾಣಂತಿಯರು ಕೂಸುಗಳನ್ನು ತಂದು ಅವನ ಕೈಗೆ ಮುಟ್ಟಿಸಿಕೊಂಡು ಹೋದರು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಇಪ್ಪತ್ತು ವರ್ಷ ತೂಗಿದ ಕಣ್ಣು ನನ್ನದು, ಆಳನ್ನು ದೂರದಿಂದ ನೋಡಿದರೆ ಸಾಕು, ಒಂದೆರಡು ಕಿಲೋ ಆಚೀಚೆ ಹೇಳುತ್ತೇನೆ. ಈ ಹುಡುಗ ಅರವತ್ತರ ಆಳು. ಅವನ ಮೇಲೆ ಎಪ್ಪತ್ತಾರು ಎಲ್ಲಿಂದ ಬಂತು?

ಒಂದು ದಿನ ಮಧ್ಯಾಹ್ನ ಊಟವಾದ ಮೇಲೆ ನಾನೂ ಖಾದರಣ್ಣನೂ ಗೋಪುರದ ನೆರಳಿನಲ್ಲಿ ಹರಿದ ಚೀಲಗಳನ್ನು ಹೊಲಿಯುತ್ತ ಕುಳಿತಿದ್ದೆವು. ಖಾದರಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು, ನನ್ನ ಗಂಡನ ಕಾಲದಿಂದಲೂ ಪಂಜರದ ಬಳಿ ಇದ್ದವನು. ಫಕೀರಪ್ಪ ಬಂದು ಮರಳು ತೂಗುವ ದೊಡ್ಡ ತಟ್ಟೆಯ ಮೇಲೆ ಕುಳಿತ, ಕಂಬಕ್ಕೆ ಒರಗಿದ, ಹಾಗೆಯೇ ನಿದ್ದೆಗೆ ಜಾರಿದ. ಸುಸ್ತಾಗಿದ್ದಾನೆ, ಮಲಗಲಿ ಎಂದುಕೊಂಡೆ. ಸೂಜಿಗೆ ದಾರ ಪೋಣಿಸಲು ತಲೆಯೆತ್ತಿದವಳ ಕಣ್ಣು ತಟ್ಟೆಯ ಮುಳ್ಳಿನ ಮೇಲೆ ಬಿತ್ತು. ಐವತ್ತೆಂಟು.

ಖಾದರಣ್ಣನ ಮೊಣಕೈ ಹಿಡಿದು ತೋರಿಸಿದೆ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ದೂರದಲ್ಲಿ ಯಾರೋ ಸೀಟಿ ಊದಿದರು. ಫಕೀರಪ್ಪ ಬೆಚ್ಚಿ ಕಣ್ಣು ಬಿಟ್ಟ. ಮುಳ್ಳು ಏರತೊಡಗಿತು. ಅರವತ್ತು, ಅರವತ್ತೈದು, ಎಪ್ಪತ್ತು. ಅವನು ಕಣ್ಣುಜ್ಜಿಕೊಂಡು ಎಲ್ಲಿದ್ದೇನೆಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ಎಪ್ಪತ್ತಾರಕ್ಕೆ ಬಂದು ನಿಂತಿತು.

ನಮ್ಮ ಶಾಲೆ ಅಷ್ಟು ವರ್ಷ ಮಾಡಿದ ತಪ್ಪು ಆ ಮುಳ್ಳಿನಲ್ಲಿತ್ತು. ಕೆಳಗಿನದಕ್ಕಿಂತ ಮೇಲೆ ಎಷ್ಟು ಹೆಚ್ಚು ಎಂದು ನಾವು ನೋಡುತ್ತಿದ್ದೆವು. ಕೆಳಗೇ ಹೊತ್ತುಕೊಂಡು ತಿರುಗುವವನನ್ನು ಹಿಡಿಯುವ ದಾರ ನಮ್ಮಲ್ಲಿರಲಿಲ್ಲ. ಅಂಜಿಕೆಯೇ ಇಲ್ಲದವನೆಂದು ಊರು ಕೊಂಡಾಡುತ್ತಿದ್ದ ಹುಡುಗನ ಮೈಮೇಲೆ ಹದಿನೆಂಟು ಕಿಲೋ ಅಂಜಿಕೆ ಇತ್ತು, ಊಟ ಮಾಡುವಾಗಲೂ ಇತ್ತು, ಸೆಲ್ಯೂಟ್ ಹೊಡೆಯುವಾಗಲೂ ಇತ್ತು. ಹದಿನೆಂಟು ಗಂಟಿನವನನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಅವನಿಗೆ ನಮ್ಮ ಮುಖ ನೋಡಿಯೇ ತಿಳಿಯಿತು. ಮುಳ್ಳನ್ನು ನೋಡಿದ, ತಲೆ ತಗ್ಗಿಸಿದ. "ಯಾರ ಮುಂದೂ ಹೇಳಬ್ಯಾಡವ್ವ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದ.

"ಹೇಳೂದು ಬಿಡೂದು ಆಮ್ಯಾಲ. ಅಷ್ಟು ಅಂಜೂದು ಯಾತಕ್ಕೋ ತಮ್ಮಾ? ಎತ್ತರಕ್ಕ?" ಎಂದೆ.

"ಎತ್ತರ ಅಂದ್ರ ನನಗೇನೂ ಇಲ್ಲವ್ವ. ಇದ್ದಿದ್ರ ಮ್ಯಾಲ ಹೋದಾಗ ಹೆಚ್ಚಾಗತಿತ್ತಲ್ಲ." ಅವನು ಜೇಬಿಗೆ ಕೈ ಹಾಕಿ ಒಂದು ದಾರ ತೆಗೆದ. ಬೆವರಿಗೆ ಕಪ್ಪಾಗಿತ್ತು, ಗಂಟುಗಳು ಕಲ್ಲಾಗಿದ್ದವು. "ಇದಕ್ಕ ಅಂಜತೀನಿ. ನಮ್ಮಣ್ಣಂದು. ಆರು ವರ್ಷದ ಹಿಂದ ಇಲ್ಲಿಂದ ತಂದ. ಪಡಸಾಲಿ ಗೂಟಕ್ಕ ತೂಗಹಾಕಿದ, ತಗಿ ಅಂದ್ರ ತಗೀಲಿಲ್ಲ. ಬಂದವರೆಲ್ಲಾ ಎಣಿಸಿ ಹೋಗಾವ್ರು. ಇಲ್ಲಿಗೆ ಬರೂಮುಂದ ನಾನ ಗೂಟದಿಂದ ತಗದು ತಂದೆ. ಅವತ್ತಿಂದ ನಮ್ಮಣ್ಣ ಮಾಳಗಿ ಹತ್ತಿಲ್ಲವ್ವ. ಬಾವಿ ತೋಡೂ ಕೆಲಸಕ್ಕ ಹೊಕ್ಕ. ಕೆಳಗ ಇಳಿಯಾಕ ಅಂಜಿಕಿ ಇಲ್ಲ ಅಂತಾನ. ನಮ್ಮ ಮನಿತನದ ರಕ್ತಾನ ಹಂಗ ಅಂತ ಊರಾಗ ಮಾತು. ನನಗೂ ಒಂದು ದಿನ ಹನ್ನೊಂದು ಬೀಳ್ತಾವು ಅಂತ ಹಗಲಿಲ್ಲ ರಾತ್ರಿಯಿಲ್ಲ ಅದೇ ಚಿಂತಿ."

ದಾರ ನನ್ನ ಕಣ್ಣೆದುರಿಗೆ ತೂಗಾಡುತ್ತಿತ್ತು. ಎಣಿಸುವ ಅಗತ್ಯವಿರಲಿಲ್ಲ. ಆ ಗಂಟು ನಾನು ಹಾಕಿದ್ದು ಎಂದು ನನ್ನ ಬೆರಳಿಗೇ ಗೊತ್ತಾಯಿತು. ಹೇಳಬೇಕಿತ್ತು, ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ. "ಹೋಗು, ಮುಖಾ ತೊಳಕೋ" ಎಂದೆ, ಅಷ್ಟೇ. ಥೂ ನನ್ನ ಜನ್ಮಕ್ಕೆ!

ಅವನು ಹೋದಮೇಲೆ ಖಾದರಣ್ಣ ಸೂಜಿ ಕೆಳಗಿಟ್ಟು, "ನೀಲವ್ವ, ನಿನಗ ತಿಳೀತಿಲ್ಲೋ? ಆ ಹುಡುಗ ಅಂಜತಿರೂತನಕ ಬದುಕತಾನ" ಎಂದ. ನನಗೆ ತಿಳಿದಿತ್ತು. ಹಿಂದೊಮ್ಮೆ ಒಬ್ಬ ಹುಡುಗ ಜಿಗಿದ ಮೇಲೆ ಅರ್ಧ ದಾರಿಯಲ್ಲಿ ಅಂಜಿಕೆ ಬಿಟ್ಟು ನಗತೊಡಗಿ, ಹತ್ತು ಕಿಲೋ ಹಗುರಾಗಿ, ನಡುವೆಯೇ ತ್ರಿಶಂಕುವಿನ ಹಾಗೆ ನಿಂತುಬಿಟ್ಟಿದ್ದ. ಕೊಕ್ಕೆಯ ಕೋಲಿನಿಂದ ಅವನನ್ನು ಎಳೆದು ಇಳಿಸಿದ್ದೆವು, ಒಂದು ವಾರ ಊರೆಲ್ಲ ಅದನ್ನೇ ಆಡಿಕೊಂಡು ನಕ್ಕಿತ್ತು. ಫಕೀರಪ್ಪನದು ನಗುವ ಮಾತಲ್ಲ. ಅವನ ಪಂಜರದಲ್ಲಿ ಅರವತ್ತಾರು ಕಿಲೋ ಇರುತ್ತದೆ. ಹಗ್ಗದ ಮೇಲಿದ್ದಾಗ ಆ ಹದಿನೆಂಟು ಒಮ್ಮೆಲೇ ಅವನನ್ನು ಬಿಟ್ಟರೆ, ಐವತ್ತೆಂಟರ ಹುಡುಗನನ್ನು ಪಂಜರ ಬಾವಿಯ ಕೊಡದ ಹಾಗೆ ಮೇಲಕ್ಕೆ ಸೇದಿ ತೊಲೆಗೆ ಅಪ್ಪಳಿಸುತ್ತದೆ. ತಲೆ ಉಳಿಯುವುದಿಲ್ಲ.

"ಸುಬೇದಾರರಿಗೆ ಹೇಳೂಣೇನು?" ಎಂದೆ.

"ಹೇಳಿದ್ರ ಹದಿನೆಂಟು ಗಂಟಿನ ದಾರ ಕೊಟ್ಟು ಮನಿಗೆ ಕಳಸ್ತಾರ. ಆ ಮನ್ಯಾಗ ಈಗಾಗಲೇ ಒಂದು ತೂಗಾಡಿ ಆಗೈತಿ" ಎಂದ ಖಾದರಣ್ಣ. "ಸುಮ್ಮಿರು. ಅಂವ ಅಂಜಿಕೋತನ ಇರಲಿ. ದೇವರು ದೊಡ್ಡಾಂವ."

ನಾವಿಬ್ಬರೂ ಮುದುಕರು, ಒಬ್ಬ ಹುಡುಗನ ಅಂಜಿಕೆ ಹೋಗದಿರಲಿ ಎಂದು ಬೇಡಿಕೊಳ್ಳುತ್ತ ನಾಲ್ಕು ದಿನ ಕಳೆದೆವು. ಎರಡು ಸಲ ಅವನ ಬ್ಯಾರಕ್ಕಿನ ತನಕ ಹೋಗಿ ತಿರುಗಿ ಬಂದೆ. ನೆಲದ ಮೇಲೆ ಇರುವಾಗ ನಿಜ ಹೇಳಿದರೆ ಅವನು ಹಗುರಾಗುತ್ತಾನೆ, ಮರುದಿನ ಕೆಳಗಿನ ತಕ್ಕಡಿಯಲ್ಲಿ ಸಿಕ್ಕಿಬೀಳುತ್ತಾನೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನೆಪವೆಂದು ಗೊತ್ತಿತ್ತು. ನನ್ನ ತಪ್ಪು ಹೊರಬೀಳುತ್ತದಲ್ಲ ಎಂಬುದೇ ನಿಜವಾದ ಕಾರಣವಾಗಿತ್ತು.

ಐದನೆಯ ದಿನ ಶಾಲೆಯ ವಾರ್ಷಿಕ ಪ್ರದರ್ಶನ. ಬಯಲಿನ ತುಂಬ ಜನ, ಶಾಮಿಯಾನ, ಮುಂದಿನ ಸಾಲಿನ ಕುರ್ಚಿಗಳಲ್ಲಿ ದೊಡ್ಡ ಸಾಹೇಬರುಗಳು. ನಾನು ಕಂಬಿ ಹಿಡಿದು ಏದುಸಿರು ಬಿಡುತ್ತ ಗೋಪುರ ಏರಿದೆ. ಅಟ್ಟದ ಮೇಲೆ ನಾನು, ಸುಬೇದಾರರು, ಫಕೀರಪ್ಪ ಮೂವರೇ. ಫಕೀರಪ್ಪ ತಟ್ಟೆಯ ಮೇಲೆ ನಿಂತ. ಎಪ್ಪತ್ತಾರು. ಬೋಳು ದಾರ ಬಿಟ್ಟೆ. ಕೆಳಗೆ ಖಾದರಣ್ಣ ಪಂಜರದ ಬಾಗಿಲು ಹಾಕಿದ. ಸುಬೇದಾರರು ಹಗ್ಗದ ಕೊಂಡಿಯನ್ನು ಫಕೀರಪ್ಪನ ಬೆನ್ನಿಗೆ ಸಿಕ್ಕಿಸಿ ಎಳೆದು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಕಿವಿಯಲ್ಲಿ, "ಹುಡುಗಗ ಗೊತ್ತಿಲ್ಲ, ಇಂವನ ಅಣ್ಣನ್ನ ಕರಸೀನಿ. ಪತ್ರದ ಮ್ಯಾಲ ಪತ್ರ ಹಾಕಿದ ಮ್ಯಾಲ ಬಂದಾನ. ಅಲ್ಲೇ ಇಳಿಯೂ ಜಾಗಾದ ಮುಂದನ ಕುಂದರಿಸೀನಿ. ಇಳಕೋತ ನೋಡ್ಲಿ, ಎಷ್ಟು ಖುಷಿ ಆಕ್ಕಾನ ನೋಡೂಣು" ಎಂದು ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು ಪುಣ್ಯಾತ್ಮರು.

ಬಾಗಿಲಿನಿಂದ ಬಗ್ಗಿ ನೋಡಿದೆ. ಮುಂದಿನ ಸಾಲಿನ ತುದಿಯಲ್ಲಿ ಎತ್ತರದ ಆಳೊಬ್ಬ ಕುಳಿತಿದ್ದ. ಎಲ್ಲರೂ ಕುತ್ತಿಗೆ ಎತ್ತಿ ಗೋಪುರ ನೋಡುತ್ತಿದ್ದರೆ ಅವನೊಬ್ಬನೇ ನೆಲ ನೋಡುತ್ತಿದ್ದ. ದ್ಯಾಮಣ್ಣನೇ. ತಮ್ಮ ಹಗ್ಗದ ಮೇಲೆ ಇಳಿಯುತ್ತಾನೆ, ಅಣ್ಣನನ್ನು ಕಾಣುತ್ತಾನೆ, ಅಣ್ಣ ಒಂದು ಸಲ ತಲೆಯೆತ್ತಿ ನಕ್ಕರೆ ಸಾಕು. ಆರು ವರ್ಷದ ಅಂಜಿಕೆ ಆಗಲೇ ಜಾರಿ ಹೋಗುತ್ತದೆ, ಪಂಜರ ಅವನನ್ನು ಸೇದುತ್ತದೆ. ಸುಬೇದಾರರು ಕೈ ಎತ್ತಿದರು. ಆ ಕೈ ಇಳಿದರೆ ಜಿಗಿಯಬೇಕು.

"ತಡೀರಿ!" ಎಂದು ಚೀರಿದೆ.

"ಯಾಕವ್ವ?" ಸುಬೇದಾರರ ಕೈ ಮೇಲೆಯೇ ನಿಂತಿತು.

ಉತ್ತರ ಕೊಡಲು ನನ್ನ ಬಳಿ ಒಂದೇ ದಾರಿ ಉಳಿದಿತ್ತು. ಅವನ ಅಂಜಿಕೆಯನ್ನು ಅವನು ತಟ್ಟೆಯ ಮೇಲೆ ಇರುವಾಗಲೇ ತೆಗೆಯಬೇಕು. ಫಕೀರಪ್ಪನ ಎದುರಿಗೆ ಹೋಗಿ ನಿಂತೆ, ಮುಟ್ಟಲಿಲ್ಲ. "ಫಕೀರಪ್ಪ, ನಿಮ್ಮಣ್ಣಗ ಹನ್ನೊಂದು ಗಂಟು ಹಾಕಿದಾಕಿ ನಾನ" ಎಂದೆ. "ತೂಗೂಮುಂದ ನಾನು ಅವನ ಕೈ ಹಿಡಕೊಂಡಿದ್ದೆ. ನನ್ನ ಮಗಳು ಸಾಯಾಕ ಬಿದ್ದಿದ್ಲು, ನನ್ನ ಭಾರ ಎಲ್ಲಾ ಅವನ ಮ್ಯಾಲ ಹಾಕಿ ನಿಂತಿದ್ದೆ. ಹನ್ನೊಂದನೇದು ನಂದು. ಹತ್ತನೇದೂ ನಂದ ಇರಬಹುದು, ಒಂಬತ್ತನೇದೂ ನಂದ ಇರಬಹುದು, ಗೊತ್ತಿಲ್ಲ. ಹನ್ನೊಂದನೇದು ಮಾತ್ರ ಅವನದಲ್ಲ. ನಿಮ್ಮ ರಕ್ತದಾಗ ಏನೂ ಇಲ್ಲೋ ಯಪ್ಪಾ, ನನ್ನ ಕೈಯಾಗ ಇತ್ತು. ಮರುದಿನಾನ ಗೊತ್ತಾಗಿತ್ತು ನನಗ. ಆರು ವರ್ಷ ಬಾಯಿ ಮುಚಕೊಂಡು ಕುಂತೆ."

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಸಿಟ್ಟು ಬರುತ್ತದೆ, ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಕಣ್ಣಿನಿಂದ ನೀರು ಇಳಿಯಿತು. ತಟ್ಟೆ ಕಿರ್ರೆಂದಿತು. ಸುಬೇದಾರರು ಬಗ್ಗಿ ಮುಳ್ಳು ನೋಡಿ, "ಅರೇ!" ಎಂದರು. ಎಪ್ಪತ್ತೆರಡು. ಅರವತ್ತೊಂಬತ್ತು. ಅರವತ್ತನಾಲ್ಕು. ಅರವತ್ತೊಂದಕ್ಕೆ ಬಂದು ನಿಂತಿತು, ಮುಂದೆ ಸರಿಯಲಿಲ್ಲ. ಮೂರು ಕಿಲೋ ಅವನಲ್ಲೇ ಉಳಿದವು. ಮೂರು ಕಿಲೋ ಯಾರಿಗಿಲ್ಲ?

ಹಗುರಾದದ್ದನ್ನು ಕೆಳಗೆ ತಿಳಿಸಲು ನಮ್ಮಲ್ಲಿ ದಾರವೇ ಇಲ್ಲ. ಗಂಟು ಹಾಕಿದರೆ ಹೆಚ್ಚು ಎಂದು ಅರ್ಥ, ಕಡಿಮೆಗೆ ಏನೂ ಇಲ್ಲ. ಇಪ್ಪತ್ತು ವರ್ಷ ಬಾಯಿಬಿಟ್ಟು ಹೇಳದ ಲೆಕ್ಕವನ್ನು ಬಾಗಿಲಿಗೆ ಹೋಗಿ ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ: "ಖಾದರಣ್ಣಾ! ಹದಿನೈದು ತಗಿ! ಹದಿನೈದು ಚೀಲಾ ತಗಿ!" ಖಾದರಣ್ಣ ಒಂದು ಮಾತೂ ಕೇಳದೆ ಪಂಜರ ತೆರೆದು ಚೀಲ ಎತ್ತಿ ಎತ್ತಿ ಒಗೆಯತೊಡಗಿದ. ಊರಿಗೆ ಊರೇ ಒಂದು, ಎರಡು, ಮೂರು ಎಂದು ಎಣಿಸಿತು. ಹದಿನೈದನೆಯ ಚೀಲ ಬಿದ್ದಾಗ ಎಲ್ಲರಿಗೂ ಎಲ್ಲವೂ ತಿಳಿದಿತ್ತು.

ಸುಬೇದಾರ್ ರುದ್ರಮುನಿಗಳ ಮುಖ ಕಪ್ಪಿಟ್ಟಿತ್ತು. ಕೊಂಡಿ ಬಿಚ್ಚಲು ಕೈ ಹಾಕಿದರು. ಫಕೀರಪ್ಪ ಅಟೆನ್ಷನ್‌ನಲ್ಲಿ ನಿಂತು, "ಸಾಹೇಬ್ರ, ನನ್ನ ಖರೇ ತೂಕ ಐವತ್ತೆಂಟ್ರಿ, ಈಗ ಮ್ಯಾಲ ಮೂರ ಕಿಲೋ ಅದಾವ್ರಿ. ಹತ್ತರ ಒಳಗ ಐತಿ. ರೂಲ್ಸ್ ಪ್ರಕಾರ ನನ್ನ ಬಿಡಬೇಕ್ರಿ" ಎಂದ. ಸುಬೇದಾರರು ಮುಳ್ಳನ್ನು ನೋಡಿದರು, ಅವನನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಕೈ ಎತ್ತಿ ಇಳಿಸಿದರು.

ಅವನು ಜಿಗಿದ. ರಾಟೆ ಒಂದು ಸಲ ಗಕ್ಕೆಂದು, ಆಮೇಲೆ ಎಂದಿನ ಸದ್ದಿನಲ್ಲಿ ತಿರುಗಿತು. ನಡುವೆ ಅವನ ತಲೆ ಮುಂದಿನ ಸಾಲಿನ ಕಡೆ ತಿರುಗಿದ್ದು ಕಂಡಿತು. ನಾನು ಕಣ್ಣು ಮುಚ್ಚಿದೆ. ಬೂಟು ನೆಲಕ್ಕೆ ತಾಗಿದ ಸಪ್ಪಳ ಕೇಳಿದ ಮೇಲೆಯೇ ತೆರೆದೆ.

ತಕ್ಕಡಿಯ ಕೀಲಿಕೈ ಅವತ್ತೇ ಕೇಳಿದರು, ಕೊಟ್ಟೆ. ಕೇಳದಿದ್ದರೂ ಕೊಡುತ್ತಿದ್ದೆ. ಈಗ ಶಾಲೆಯಲ್ಲಿ ಹುಡುಗರನ್ನು ಮಲಗಿದ್ದಾಗಲೂ ಒಮ್ಮೆ ತೂಗುತ್ತಾರಂತೆ. ಮೊದಲ ದಿನ ಸುಬೇದಾರರು ನಾನೇ ಮಲಗಿ ತೋರಿಸುತ್ತೇನೆ ಎಂದು ಮಲಗಿದರಂತೆ. ಎದ್ದಮೇಲೆ ಎಷ್ಟು ಹೆಚ್ಚಾಯಿತು ಎಂಬುದನ್ನು ನೋಡಿದವರು ಯಾರೂ ಹೊರಗೆ ಹೇಳಿಲ್ಲ. ಆದರೆ ಹತ್ತು ಗಂಟಿನ ನಿಯಮವನ್ನು ಅದಾದ ಮೇಲೆ ತೆಗೆದುಹಾಕಿದರು.

ಅವತ್ತಿನ ಮಾತು ಇನ್ನೂ ಉಳಿದಿದೆ. ನಾನು ಗೋಪುರ ಇಳಿದಾಗ ಅಣ್ಣತಮ್ಮಂದಿರು ಮರಳಿನ ರಾಶಿಯ ಬಳಿ ನಿಂತಿದ್ದರು. ತಮ್ಮ ಎಲ್ಲವನ್ನೂ ಹೇಳಿಬಿಟ್ಟಿದ್ದ. ದ್ಯಾಮಣ್ಣನ ಕೂದಲು ಆಗಲೇ ನರೆತಿತ್ತು, ಉಗುರಿನ ಸಂದಿಯಲ್ಲಿ ಬಾವಿಯ ಕೆಂಪು ಮಣ್ಣು. ನಾನು ಎದುರಿಗೆ ಹೋಗಿ ನಿಂತೆ.

"ಆರು ವರ್ಷ" ಎಂದ ದ್ಯಾಮಣ್ಣ. "ನಮ್ಮೂರಿಗೆ ದಿನಾ ಎರಡು ಬಸ್ಸು ಬರ್ತಾವಲ್ಲವ್ವ."

ತಪ್ಪಾಯಿತು ಎಂದೆ. ಆ ಮಾತು ನನಗೇ ಸಣ್ಣದಾಗಿ ಕೇಳಿಸಿತು. ಅವನು ತಮ್ಮನ ಕೈಯಿಂದ ದಾರ ತೆಗೆದುಕೊಂಡು ನನ್ನ ಮುಂದೆ ಹಿಡಿದ. "ನಿಂದು ನೀ ಬಿಚ್ಚಿಕೋ" ಎಂದ.

ಅಲ್ಲೇ ಚೀಲದ ಮೇಲೆ ಕುಳಿತೆ. ಆರು ವರ್ಷದ ಗಂಟು, ಬೆರಳಿಗೆ ಬಗ್ಗಲಿಲ್ಲ. ಉಗುರು ಮುರಿಯಿತು. ಖಾದರಣ್ಣ ಗೋಣಿ ಹೊಲಿಯುವ ದಬ್ಬಳ ತಂದುಕೊಟ್ಟ, ಅದರ ತುದಿಯಿಂದ ಎಬ್ಬಿಸಿ, ಹಲ್ಲಿನಿಂದ ಕಚ್ಚಿ ಎಳೆದೆ. ಜನ ಕರಗಿ ಹೋದರು, ಶಾಮಿಯಾನ ಬಿಚ್ಚಿದರು, ಆ ಇಬ್ಬರೂ ಅಲ್ಲಾಡದೆ ನಿಂತಿದ್ದರು. ಕೊನೆಗೆ ಗಂಟು ಸಡಿಲಾಯಿತು. ಬಿಚ್ಚಿದ ಕಡೆ ದಾರ ಹೊಸದರ ಹಾಗೆ ಬೆಳ್ಳಗಿತ್ತು. ನನ್ನ ಕೈ ತಡೆಯದೆ ಹತ್ತನೆಯದಕ್ಕೆ ಹೋಯಿತು.

ದ್ಯಾಮಣ್ಣ ದಾರ ಕಿತ್ತುಕೊಂಡ. "ಸಾಕು. ಉಳಿದಾವು ನನ್ನವು" ಎಂದ.

"ಇರಲಿಕ್ಕಿಲ್ಲೋ ಯಪ್ಪಾ, ಇನ್ನೂ ಒಂದೆರಡು ನಂದ ಇರಬಹುದು."

"ಇದ್ರ ಇರಲಿ. ನನ್ನವು ಅಂತ ಇಟ್ಟಕೋತೀನಿ. ನಾನೂ ಅಂಜಿದ್ದೆನಲ್ಲ ಅವತ್ತು." ದಾರವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಗೋಪುರದ ಕಡೆ ತಿರುಗಿದ. ತಮ್ಮ ಜೊತೆಗೆ ಬರಲು ಹೆಜ್ಜೆ ಇಟ್ಟರೆ, "ನೀ ಇಲ್ಲೇ ನಿಂದ್ರು" ಎಂದ.

ತೂಗುವವರಿರಲಿಲ್ಲ, ಹಗ್ಗವಿರಲಿಲ್ಲ, ಕರೆದವರಿರಲಿಲ್ಲ. ಮೊದಲ ಮೆಟ್ಟಿಲಿನ ಮೇಲೆ ಅವನು ಎರಡೂ ಕೈಯಿಂದ ಕಂಬಿ ಹಿಡಿದುಕೊಂಡ. ಎರಡನೆಯದು, ಮೂರನೆಯದು. ಕಬ್ಬಿಣದ ಮೆಟ್ಟಿಲು ಪ್ರತಿ ಹೆಜ್ಜೆಗೂ ನರಳುತ್ತಿತ್ತು, ಮೇಲೆ ಹೋದಂತೆ ಇನ್ನೂ ಹೆಚ್ಚು ನರಳಿತು. ಆ ಸದ್ದು ಕೇಳಿದರೆ ಸಾಕು, ಎಷ್ಟು ಕಿಲೋ ಏರುತ್ತಿದೆ ಎಂದು ನಾನು ಹೇಳಬಲ್ಲೆ. ಫಕೀರಪ್ಪ ನನ್ನ ಪಕ್ಕದಲ್ಲಿ ನಿಂತಿದ್ದ. ಅರ್ಧಕ್ಕೆ ಸದ್ದು ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಮತ್ತೆ ಒಂದು ಹೆಜ್ಜೆ ಕೇಳಿತು, ಅದರ ಮೇಲೊಂದು. ಬಹಳ ಭಾರವಾಗಿ ಏರುತ್ತಿದ್ದ. ನಾನು ಎಣಿಸಲಿಲ್ಲ.